ನೆರಿಗೆ ಮೂತಿಯ ನಾಯಿ

ಚಿನ್ನದ ಗಣಿಯ ಬಿಳಿ ದೊರೆಗಳು ಒಬ್ಬೊಬ್ಬರಾಗಿ ವಿಲಾಯಿತಿಗೆ ಹೊರಟ ಕಾಲ ಅದು. ಉರಿಗಾಂನ ಬಂಗಲೆಯೊಂದರಲ್ಲಿ ನಾನು ಮುಸುರೆ ತಿಕ್ಕುತ್ತಿದ್ದೆ. ಆ ಮನೆಯ ದೊರೆಸಾನಿ ಹೋಗುವಾಗ ತನ್ನ ನಾಯಿಯನ್ನು ನನ್ನ ಕೈಗೆ ಕೊಟ್ಟು ಅತ್ತಳು. ಬುಲ್‌ಡಾಗ್ ಜಾತಿ, ಚಪ್ಪಟೆ ಮೂಗು, ಮುಖದ ತುಂಬ ನೆರಿಗೆ. ಗಣಿ ಕೂಲಿಗಳ ಸಾಲಿನಲ್ಲಿದ್ದ ನಮ್ಮ ಲೈನುಮನೆಗೆ ಕರೆತಂದಾಗ ಅತ್ತೆ, "ಅಯ್ಯೋ ಶಿವನೇ! ಇದು ಉಟ್ಟಿದ್ದೇ ಇಂಗಾ, ಇಲ್ಲ ಯಾರಾದ್ರೂ ಒದ್ದವ್ರಾ?" ಎಂದಳು. ನನಗೋ ಅದರ ಮೇಲೆ ಪ್ರಾಣ.

ಆಷಾಢದ ಗಾಳಿ ಎದ್ದದ್ದೇ ತಡ, ಮೂಗಿನ ಮೇಲಿನ ನೆರಿಗೆ ಕೆಂಪಗಾಗಿ ಕೀವು ಸೋರತೊಡಗಿತು. ನಾತ ಅಂದರೆ ನಾತ! ನಾನು ಸುಮ್ಮನಿರುವವಳೇ? ದಿನಾ ಬಿಸಿನೀರಲ್ಲಿ ಮುಖ ತೊಳೆದು, ಹರಳೆಣ್ಣೆಗೆ ಅರಿಸಿನ ಕಲಸಿ ನೆರಿಗೆ ನೆರಿಗೆಗೂ ತುಂಬಿದೆ. ಹುಣ್ಣು ಹೆಚ್ಚಿತು. ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದ ದೂಳು ಎಂದೆ, ಪಕ್ಕದ ಮನೆಯವಳ ಕಣ್ಣು ಎಂದೆ, ಇನ್ನಷ್ಟು ಎಣ್ಣೆ ಬಳಿದೆ. ಕಡೆಗೆ ಬಲಗಣ್ಣು ಮುಚ್ಚಿಕೊಂಡಿತು. ನಾಯಿ ಅನ್ನವನ್ನೂ ಬಿಟ್ಟಿತು.

"ಬಾನುವಾರ ರೈಲಲ್ಲಿ ಬಂಗಾರಪೇಟೆ ದನದ ಆಸ್ಪತ್ರೆಗೆ ತಗೊಂಡೋಗಿ, ಸೂಜಿ ಆಕ್ಸಿ ಸಾಯಿಸ್ಬುಡ್ತೀನಿ. ನರಳೋದು ನೋಡಕ್ಕಾಗಲ್ಲ," ಎಂದ ನನ್ನ ಗಂಡ. ಅವನೊಡನೆ ಮಾತು ಬಿಟ್ಟೆ.

ಅತ್ತೆ ನಮ್ಮ ಲೈನಿನ ಎಳೆಗೂಸುಗಳಿಗೆಲ್ಲ ಎಣ್ಣೆನೀರು ಹಾಕುವವಳು. ನಾಯಿಯನ್ನು ಮಾತ್ರ ಒಂದು ದಿನವೂ ಮುಟ್ಟಿರಲಿಲ್ಲ. ಗುರುವಾರ ನಾನು ಎಣ್ಣೆಬಟ್ಟಲು ಹಿಡಿದು ಕೂತಾಗ ಬಂದು ನಿಂತಳು.

"ಏನೇ, ಕೂಸಿನ ಕತ್ತು ತೊಳ್ದು ಇಂಗೇ ತೇವ ಬುಡ್ತಾರೇನೆ? ಅದ್ರ ಮ್ಯಾಲೆ ಎಣ್ಣೆ ಬ್ಯಾರೆ! ಒಳಗೊಳಗೇ ಕೊಳೀದೆ ಇನ್ನೇನಾತದೆ?"

"ನೀನಂತೂ ಮುಟ್ಟಲ್ಲ, ಸುಮ್ಕಿರು!" ಎಂದು ಸಿಡುಕಿದೆ.

ಅವಳು ಒಳಗೆ ಹೋಗಿ ಟ್ರಂಕು ತೆರೆದು, ಒಂದು ಬಟ್ಟೆಗಂಟು ತಂದು ಕೂತಳು. ಕಾಸಿ ಆರಿಸಿದ ಉಪ್ಪುನೀರಲ್ಲಿ ಜಿಡ್ಡನ್ನೆಲ್ಲ ತೆಗೆದಳು. ಆಮೇಲೆ ಒಂದೊಂದೇ ನೆರಿಗೆಯನ್ನು ಬೆರಳಲ್ಲಿ ಬಿಡಿಸಿ, ಗಂಟಿನ ಒಣಬಟ್ಟೆಯಿಂದ ಉಜ್ಜದೆ ಒತ್ತಿ ಒತ್ತಿ ತೇವ ತೆಗೆದಳು. ನನ್ನ ಕೈ ಕಂಡರೆ ಗುರ್ರೆನ್ನುತ್ತಿದ್ದ ನಾಯಿ ಅವಳಿಗೆ ಗದ್ದ ಎತ್ತಿಕೊಟ್ಟಿತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು.

ದಿನಕ್ಕೆ ಮೂರು ಸಲ ಹಾಗೆ ಮಾಡಿದಳು. ಭಾನುವಾರ ಬೆಳಿಗ್ಗೆ ಕಣ್ಣು ಅರೆ ತೆರೆದು ನಾಯಿ ಗಂಜಿ ನೆಕ್ಕಿತು. ರೈಲಿಗೆ ಹೊರಟು ನಿಂತಿದ್ದ ಗಂಡ ಚಪ್ಪಲಿ ಬಿಟ್ಟು ಒಳಗೆ ಬಂದ.

ಅಂದು ಆ ಬಟ್ಟೆಗಳನ್ನು ಒಗೆದು ತಂತಿಗೆ ಹರವುವಾಗಲೇ ನಾನು ಸರಿಯಾಗಿ ನೋಡಿದ್ದು. ಅವಳ ಹಳೆಯ ಸೀರೆಗಳನ್ನೇ ಚೌಕ ಚೌಕವಾಗಿ ಹರಿದು, ಅಂಚು ಮಡಿಸಿ ಹೊಲಿದಿದ್ದಳು. ಕೂಸಿನ ಬಟ್ಟೆಗಳು. ನಾನು ಮದುವೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಒಂದು ದಿನವೂ ಅವಳು ಅದನ್ನು ಎತ್ತಿ ಆಡಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಂಡರ್ಸನ್‌ಪೇಟೆಯಿಂದ ಸೊಪ್ಪು ಮಾರಲು ಬಂದವಳು ತಂತಿ ನೋಡಿ ಬುಟ್ಟಿ ಇಳಿಸಿದಳು. "ಯಾರ್ದಮ್ಮಾ ಕೂಸು?"

ಜಗಲಿಯ ಮೇಲೆ ನಾಯಿಯ ಗದ್ದ ಹಿಡಿದು ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ.

"ನಮ್ದೇ ಕಣವ್ವ," ಎಂದಳು.