ಅಮ್ಮ ಹಂಚಿಕೊಟ್ಟ ಸಾಲು

ಆಯಾಕ್ಕನಿಗೂ ಅಸಹ್ಯವಾಗುತ್ತದೆ ಎಂದರೆ ಆ ಆಸ್ಪತ್ರೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಗಂಡಸರ ವಾರ್ಡಿನಲ್ಲಿ ಮಲಗಿದಲ್ಲೇ ಎಲ್ಲ ಆಗುವ ರೋಗಿಗಳನ್ನು ಒರೆಸುವುದು, ತೊಳೆಯುವುದು, ಹಾಸಿಗೆ ಬದಲಿಸುವುದು, ಮಗ್ಗುಲು ಹೊರಳಿಸುವುದು ಅವಳ ಕೆಲಸ. ಹೊಸದಾಗಿ ಬಂದ ನರ್ಸುಗಳು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತರೆ, ಇವಳು ಬೆಡ್‌ಪ್ಯಾನ್ ಹಿಡಿದು ಬಂದು, ನಿಮ್ಮನ್ನೂ ಯಾರೋ ತೊಳೆದೇ ಇಷ್ಟು ದೊಡ್ಡವರನ್ನು ಮಾಡಿದ್ದಾರೆ, ದಾರಿ ಬಿಡಿ ತಾಯಂದಿರಾ ಎನ್ನುತ್ತಿದ್ದಳು. ಕೀವಿಗೆ, ವಾಂತಿಗೆ, ಹೇಲಿಗೆ ಅವಳ ಮುಖ ಕಿವುಚಿಕೊಂಡದ್ದನ್ನು ಕಂಡವರಿಲ್ಲ. ನೀರು, ಸೋಪು ಹಾಕಿದರೆ ಹೋಗುವುದಕ್ಕೆ ಯಾಕೆ ಹೇಸಿಕೊಳ್ಳಬೇಕು ಎಂಬುದು ಅವಳ ವಾದ.

ಅವಳ ಅಸಹ್ಯವೆಲ್ಲ ಭಾನುವಾರಕ್ಕೆ ಮೀಸಲಾಗಿತ್ತು. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ ಅವಳೂ ಹೇಳುತ್ತಿದ್ದಳು. ಆದರೆ ಅನುದಿನದ ಆಹಾರ ಬೇಡುವ ಸಾಲು ಮುಗಿಯಿತೋ, ಬಾಯಿಗೆ ಬೀಗ. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬ ಮಾತನ್ನು ಉಳಿದವರು ಗಿಳಿಪಾಠ ಒಪ್ಪಿಸಿ ಮುಂದೆ ಹೋದ ಮೇಲೆ ಮತ್ತೆ ದನಿ ಸೇರಿಸುತ್ತಿದ್ದಳು. ಇದು ಪಾದ್ರಿಗಳ ಕಣ್ಣಿಗೂ ಬಿತ್ತು. ಒಂದು ದಿನ ಬಾಗಿಲಲ್ಲಿ ನಿಲ್ಲಿಸಿ ಮೆಲ್ಲಗೆ ವಿಚಾರಿಸಿದರು.

"ಕ್ಷಮಿಸಿಲ್ಲ ಅಯ್ಯಾ. ದೇವರ ಮುಂದೆ ನಿಂತು ಸುಳ್ಳು ಹೇಳ್ಲಾ?" ಎಂದಳು.

ಮೊದಲು ಬಾಯಲ್ಲಿ ಹೇಳು, ಮನಸ್ಸು ತಾನಾಗಿ ಹಿಂದೆ ಬರುತ್ತದೆ ಎಂದರು ಪಾದ್ರಿಗಳು. ಹೊಲಸು ಹಾಸಿಗೆಯ ಮೇಲೆ ಸೆಂಟು ಚಿಮುಕಿಸಿದ ಹಾಗಿದೆ ಈ ಬುದ್ಧಿವಾದ ಎಂದುಕೊಂಡು ಆಯಾಕ್ಕ ಮನೆಗೆ ಹೋದಳು.

ಕ್ಷಮಿಸದೆ ಉಳಿದವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಣ್ಣ. ಅದೇ ಚರ್ಚಿನ ಸಭೆಯ ಹಿರಿಯ. ಜೇನು ಸುರಿಸುವ ಕಂಠ. ಅವನು ಕಣ್ಣು ಮುಚ್ಚಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡಿದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕಂಠದವನ ಮನೆಯಲ್ಲೇ ಅಮ್ಮ ಹಾಸಿಗೆ ಹಿಡಿದಿದ್ದಳು. ತಂಗಿ ನೋಡಲು ಹೋದಾಗಲೆಲ್ಲ, ಈಗಷ್ಟೇ ಮಲಗಿದ್ದಾಳೆ, ಎಬ್ಬಿಸಬೇಡ ಎಂದು ಅಣ್ಣ ಹೇಳುತ್ತಿದ್ದ. ಅತ್ತಿಗೆ ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದಳು. ಹೆತ್ತವಳನ್ನು ಮಗ ನೋಡಿಕೊಳ್ಳದೆ ಇರುತ್ತಾನೆಯೇ ಎಂದು ಇವಳೂ ನಂಬಿದಳು. ಒಂದು ಸಲ ಮಾತ್ರ ಯಾಕೋ ಮೂಗಿಗೆ ವಾರ್ಡಿನ ಪರಿಚಯದ ವಾಸನೆ ಬಡಿಯಿತು. ಅಣ್ಣನನ್ನು ತಳ್ಳಿಕೊಂಡು ಹಿಂದಿನ ಕೋಣೆಗೆ ನುಗ್ಗಿದಳು. ಮುರಿದ ಸೈಕಲ್ಲು, ಬಣ್ಣದ ಡಬ್ಬಗಳ ನಡುವೆ ಅಮ್ಮ. ಮಗ್ಗುಲು ತಿರುಗಿಸಲು ಹೋದರೆ ಹಾಸಿಗೆಯ ಬಟ್ಟೆ ಬೆನ್ನಿಗೆ ಅಂಟಿಕೊಂಡು ಬಂತು. ಬೆನ್ನ ಕೆಳಗಿನ ಹುಣ್ಣಿನಲ್ಲಿ ಮೂಳೆ ಕಾಣುತ್ತಿತ್ತು, ಹುಳ ಓಡಾಡುತ್ತಿದ್ದವು. ಊರವರ ಬೆನ್ನನ್ನೆಲ್ಲ ಕಾಯುವ ಆಯಾಕ್ಕನ ತಾಯಿಯ ಬೆನ್ನು ಅದು. ಅಮ್ಮ ಆ ಹುಣ್ಣಿನಲ್ಲೇ ಹೋದಳು. ಮುಂದಿನ ಭಾನುವಾರವೇ ಈ ಮಹಾನುಭಾವ ಮತ್ತೆ ಮುಂದೆ ನಿಂತು, ಅದೇ ಜೇನುದನಿಯಲ್ಲಿ ಪ್ರಾರ್ಥನೆ ನಡೆಸಿದ. ಥೂ! ಆ ಸಾಲಿಗೆ ಅವತ್ತು ಮುಚ್ಚಿದ ಬಾಯಿ ಅವಳದು.

ಕಾಲಚಕ್ರ ತಿರುಗಿತು. ಅಣ್ಣನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಅತ್ತಿಗೆ ಅವನನ್ನು ತಂದು ಸೇರಿಸಿದ್ದು ಇವಳದೇ ವಾರ್ಡಿಗೆ. ಕರವಸ್ತ್ರ ಮೂಗಿಗೆ ಒತ್ತಿಕೊಂಡು, ನೀನಿದ್ದೀಯಲ್ಲಮ್ಮ, ನನಗಿನ್ನೇನು ಚಿಂತೆ ಎಂದು ಹೇಳಿ ಹೋದವಳು ಆಮೇಲೆ ಬಾಗಿಲಾಚೆಯಿಂದಲೇ ಇಣುಕಿ ಹೋಗುತ್ತಿದ್ದಳು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡಳು ಆಯಾಕ್ಕ. ಆದರೂ ಕೆಲಸ ಕೆಲಸವೇ. ತೊಳೆದಳು, ಒರೆಸಿದಳು, ಚಮಚದಲ್ಲಿ ಗಂಜಿ ಹಾಕಿದಳು. ಜೀವನದಲ್ಲಿ ಮೊದಲ ಸಲ ಕೈಗವಸು ಕೇಳಿ ಪಡೆದು ಹಾಕಿಕೊಂಡಳು.

ಮಾತು ಸತ್ತಿದ್ದರೂ ಅವನ ಬಾಯಲ್ಲಿ ಪ್ರಾರ್ಥನೆಯೊಂದು ಮಾತ್ರ ಉಳಿದಿತ್ತು. ಸಂಜೆ ದೀಪ ಹಾಕುತ್ತಿದ್ದಂತೆ ಸೊಟ್ಟ ಬಾಯಿ ತೆರೆದು, "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎನ್ನುತ್ತಿದ್ದ. ಅಷ್ಟೇ. ಅಲ್ಲಿಗೆ ನಿಲ್ಲಿಸಿ, ತಂಗಿಯ ಮುಖ ನೋಡುತ್ತಾ ಕಾಯುತ್ತಿದ್ದ. ಕಾದು ಕಾದು ಮತ್ತೆ ಅದನ್ನೇ ಹೇಳುತ್ತಿದ್ದ. ಪಾಪ, ಹಸಿವು ಎಂದು ನರ್ಸು ಬ್ರೆಡ್ಡು ತಂದಳು, ಉಗಿದ. ಪಕ್ಕದ ಹಾಸಿಗೆಯ ಟೈಲರ್ ಅಜ್ಜ ತನ್ನ ಬಾಳೆಹಣ್ಣು ಕೊಟ್ಟ, ಅದನ್ನೂ ಉಗಿದ. ತಿನ್ನುವುದೂ ಇಲ್ಲ, ಸುಮ್ಮನಾಗುವುದೂ ಇಲ್ಲ, ಇವನೊಳ್ಳೆ ಪೀಡೆ ಎಂದು ಅಜ್ಜ ಮುಸುಕೆಳೆದುಕೊಂಡ.

ಅವನಿಗೆ ಬೇಕಾದದ್ದೇನೆಂದು ಆಯಾಕ್ಕನೊಬ್ಬಳಿಗೇ ಗೊತ್ತು. ಚಿಕ್ಕಂದಿನಲ್ಲಿ ಅಣ್ಣ ತಂಗಿ ಹಾವು ಮುಂಗುಸಿ. ಅದಕ್ಕೇ ಅಮ್ಮ ಉಪಾಯ ಮಾಡಿ ಪ್ರಾರ್ಥನೆಯನ್ನು ಮೂವರಿಗೂ ಹಂಚಿದ್ದಳು. ಮೊದಲ ಭಾಗ ಅಮ್ಮನದು, ಆಹಾರದ ಸಾಲು ಅಣ್ಣನದು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬುದು ತಂಗಿಯದು. ಅವಳು ಅಷ್ಟು ಹೇಳಿದ ಮೇಲೆಯೇ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂದು ಅಣ್ಣ ಮುಗಿಸಬೇಕು. ಕೊನೆಯದು ಮತ್ತೆ ಅಮ್ಮನದು. ಜಗಳವಾಡಿ ಒಬ್ಬರು ಮುನಿಸಿಕೊಂಡರೆ ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತಿತ್ತು, ಪ್ರಾರ್ಥನೆ ಮುಗಿಯದೆ ತಟ್ಟೆ ಇಡುತ್ತಿರಲಿಲ್ಲ. ಹೊಟ್ಟೆ ಚುರುಗುಟ್ಟಿದಾಗ ಮುನಿಸು ತಾನೇ ಇಳಿಯುತ್ತಿತ್ತು.

ಈಗ ಇವನು ಅದನ್ನೇ ಹಿಡಿದುಕೊಂಡಿದ್ದಾನೆ! ಅಮ್ಮನ ಬೆನ್ನು ಕೊಳೆಸಿದವನು ಅಮ್ಮನ ಉಪಾಯವನ್ನೇ ಮುಂದಿಟ್ಟುಕೊಂಡು ಕ್ಷಮೆ ಗಿಟ್ಟಿಸಲು ನೋಡುತ್ತಿದ್ದಾನೆ ಎಂದು ಆಯಾಕ್ಕನಿಗೆ ಮೈಯೆಲ್ಲ ಉರಿಯಿತು. ಜೊಲ್ಲು ಸುರಿಸಿಕೊಂಡು ಕಾಯುವ ಆ ಬಾಯಿ ಕಂಡರೆ ಅಸಹ್ಯವಾಗುತ್ತಿತ್ತು. ಕಾಯಿ, ಸಾಯುವವರೆಗೂ ಕಾಯಿ ಎಂದುಕೊಂಡಳು. ಅವನ ಹಾಸಿಗೆಗೆ ಕೊನೆಯಲ್ಲಿ ಹೋಗತೊಡಗಿದಳು. ಮಗ್ಗುಲು ಹೊರಳಿಸಲು ಬಗ್ಗಿದಾಗ ಅವನು ಬಾಯಿ ತೆರೆದರೆ ಸಾಕು, ಆಮೇಲೆ ಬಂದರಾಯಿತು ಎಂದು ತಿರುಗಿ ಹೋಗಿಬಿಡುತ್ತಿದ್ದಳು. ಆ ಆಮೇಲೆ ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಉಳಿದವರನ್ನು ಎರಡು ಗಂಟೆಗೊಮ್ಮೆ ತಪ್ಪದೆ ಹೊರಳಿಸುತ್ತಿದ್ದಳಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಸಂಜೆ ಹಾಸಿಗೆ ಒದ್ದೆಯಾಗಿತ್ತು, ಬದಲಿಸದೆ ಗತಿಯಿರಲಿಲ್ಲ. ಅವನನ್ನು ಗೋಡೆಯ ಕಡೆ ಹೊರಳಿಸಿ ಅಂಗಿ ಎತ್ತಿದಳು. ಬೆನ್ನ ಕೆಳಗೆ, ಮೂಳೆಯ ಮೇಲೆ, ಅಂಗೈಯಗಲ ಕೆಂಪಾಗಿತ್ತು. ಕೈಗವಸು ಕಿತ್ತು ಬೆರಳಿನಿಂದ ಒತ್ತಿದಳು. ಬಿಟ್ಟ ಮೇಲೆ ಆ ಜಾಗ ಬೆಳ್ಳಗಾಗಬೇಕಿತ್ತು, ಆಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಕೆಂಪು ಹಾಗೇ ಇತ್ತು. ಹುಣ್ಣು ಒಳಗಿನಿಂದ ಶುರುವಾಗಿತ್ತು, ಅಮ್ಮನಿಗೆ ಆದ ಜಾಗದಲ್ಲೇ.

ಈ ಬೆನ್ನು ಕೊಳೆಸಿದ್ದು ಯಾರು? ಅಣ್ಣನೂ ಅಲ್ಲ, ಅತ್ತಿಗೆಯೂ ಅಲ್ಲ. ಅವಳಿಗೆ ತನ್ನ ಕೈ ಕಂಡು ಹೇಸಿಗೆಯಾಯಿತು. ಹಾಸಿಗೆ ಬದಲಿಸಿ, ಅವನನ್ನು ಈಚೆಗೆ ಹೊರಳಿಸಿ ಹೋಗಿ, ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಉಜ್ಜಿದಳು, ಮತ್ತೆ ಉಜ್ಜಿದಳು. ನೀರು ಹಾಕಿದರೆ ಹೋಗುವ ಕೊಳೆಯಲ್ಲ ಅದು. ಇವನಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ದೇವರೇ ಎನಿಸಿತು. ನಾನು ಅವನನ್ನು ಕ್ಷಮಿಸಿದಷ್ಟೇ ನೀನು ನನ್ನನ್ನು ಕ್ಷಮಿಸು ಎಂದು ಹೊರಟರೆ, ನನ್ನ ಪಾಲಿಗೆ ಬರುವುದು ಸೊನ್ನೆ.

ವಾಪಸು ಬಂದಾಗ ದೀಪ ಹಾಕಿದ್ದರು. ಅವನು ಆಹಾರದ ಸಾಲು ಹೇಳಿ ಅವಳ ಮುಖ ನೋಡುತ್ತಿದ್ದ. ಅವಳಿಗೆ ಕರುಣೆ ಬಂತು ಎಂದರೆ ಸುಳ್ಳಾದೀತು. ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿಕೊಂಡು, ಅವನನ್ನು ನೋಡದೆ, ಕೆಂಪಾದ ಜಾಗಕ್ಕೆ ಭಾರ ಬೀಳದಂತೆ ದಿಂಬು ತುರುಕುತ್ತಾ ಹೇಳಿದಳು:

"ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ."

"ನಮ್ಮ ತಪ್ಪುಗಳನ್ನು ಕ್ಷಮಿಸು" ಎಂದ ಅಣ್ಣ. ಜೇನೂ ಇರಲಿಲ್ಲ, ಏನೂ ಇರಲಿಲ್ಲ, ತೊದಲು ಅಷ್ಟೇ. ಅದು ತನ್ನ ಬಾಯಿಂದಲೇ ಬಂದ ಹಾಗೆ ಆಯಾಕ್ಕನಿಗೆ ಕೇಳಿಸಿತು.

ಮುಂದಿನ ಸಾಲು ಅಮ್ಮನದು. ಅಭ್ಯಾಸಬಲದಿಂದ ಇಬ್ಬರೂ ಕಾದರು. ಟೈಲರ್ ಅಜ್ಜ ಕೂಡ ಮುಸುಕು ಸರಿಸಿ ನೋಡಿದ. ಯಾರೂ ಹೇಳಲಿಲ್ಲ. ಅಣ್ಣನ ಕಣ್ಣಲ್ಲಿ ನೀರು ಇಳಿಯಿತು. ಆಯಾಕ್ಕ ಅದನ್ನು ಬರಿಗೈಯಲ್ಲೇ ಒರೆಸಿ, ಎರಡು ಗಂಟೆ ಬಿಟ್ಟು ಮತ್ತೆ ಬರುತ್ತೇನೆ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದಳು.