ಆಡಿನ ಹಾಲು ಕುಡಿದ ನಾಯಿಮರಿಯ ಫೋಟೊ

ಎಂಬತ್ತರ ದಶಕದಲ್ಲಿ ಜೇವರ್ಗಿ ಬಸ್ ನಿಲ್ದಾಣದ ಹತ್ತಿರ ನಮ್ಮಪ್ಪನ ಫೋಟೊ ಸ್ಟುಡಿಯೊ ಇತ್ತು. ಕಾಲೇಜು ಮುಗಿಸಿ ನಾನೂ ಅಲ್ಲೇ ಕೆಲಸ ಕಲಿಯುತ್ತಿದ್ದೆ.

ಒಂದು ಬೆಳಿಗ್ಗೆ ಕೊಳಕೂರಿನಿಂದ ಒಬ್ಬ ಹೆಂಗಸು ಬಂದಳು. ನಮ್ಮವ್ವನ ವಯಸ್ಸು. ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದಳು.

"ನಮ್ಮ ಆಡಿನ ಮರಿ ಸತ್ತು ಹೋಯ್ತ್ರಿ. ಅದೇ ವಾರ ಬಾವಿ ಹತ್ರ ಒಂದು ನಾಯಿಮರಿ ಸಿಕ್ತು, ಮನಿಗಿ ತಂದೆ. ಈಗ ಆಡು ಅದಕ್ಕ ಹಾಲು ಕುಡ್ಸಾಕತ್ತದ. ಅಫಜಲಪುರಕ್ಕ ಕೊಟ್ಟ ಮಗಳಿಗಿ ಕಾಗದ ಬರೆಸಿದ್ರ, ಸುಳ್ಳು ಹೇಳ್ತಿ ಅಂತಾಳ. ಒಂದು ಫೋಟೊ ತಗದು ಕೊಡ್ರಿ."

ಅಪ್ಪ ಆಳಂದದ ಮದುವೆಗೆ ಹೊರಟಿದ್ದ. "ನೀನೇ ಹೋಗಿ ಬಾರವ್ವ" ಎಂದು ಹಳೆಯ ಕ್ಯಾಮೆರಾ ನನ್ನ ಕೈಗಿಟ್ಟ. ಸ್ಟುಡಿಯೊದ ಹೊರಗೆ ನಾನೊಬ್ಬಳೇ ತೆಗೆಯಲಿದ್ದ ಮೊದಲ ಫೋಟೊ ಅದು.

ಕೊಳಕೂರು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಸುಣ್ಣ ಬಳಿದ ಗೋಡೆಯ ಮುಂದೆ ಬೆಳ್ಳಗಿನ ಆಡು ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಇದ್ದಿಲಿನಷ್ಟು ಕಪ್ಪಗಿನ ನಾಯಿಮರಿ, ಮುಂಗಾಲು ಎತ್ತಿ ಕೆಚ್ಚಲಿಗೆ ಬಾಯಿ ಹಾಕಿತ್ತು. ನಾನು ನಗುತ್ತಲೇ ಬಿಸಿಲಿಗೆ ತಕ್ಕಂತೆ ಲೆನ್ಸಿನ ಕಿಂಡಿ ಕಿರಿದು ಮಾಡಿ ಗುಂಡಿ ಒತ್ತಿದೆ.

ವಾರದ ನಂತರ ಸ್ಟುಡಿಯೊಕ್ಕೆ ಬಂದ ಆಕೆ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಆಡು ಚಂದ ಬಂದದ. ಅದರ ಕೆಳಗ ಯಾವ ಬುಟ್ಟಿ ಇಟ್ಟೀರಿ?" ಎಂದಳು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಪ್ಪ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ನೋಡಿದ. ಮರಿ ಇರಬೇಕಾದ ಜಾಗ ಏನೂ ಮೂಡದೆ ಬರೀ ಗಾಜಿನಂತಿತ್ತು.

"ಬಿಳಿ ಆಡು ನೋಡಿ ಬೆಳಕು ಕಡಿಮಿ ಮಾಡಿದಿ. ಕರಿ ಮರಿಗಿ ಬೆಳಕೇ ಮುಟ್ಟಿಲ್ಲ. ನೆತ್ತಿ ಮ್ಯಾಲಿನ ಬಿಸಿಲು ಬ್ಯಾಡ, ಬೆಳಿಗ್ಗಿ ನೆಳ್ಳಾಗ ನಿಂದ್ರಸು. ಮರಿಗಿ ಎಷ್ಟು ಬೇಕೋ ಅಷ್ಟು ಬೆಳಕು ಕೊಡು. ಆಡು ಅತಿ ಬೆಳ್ಳಗಾದ್ರ ಪ್ರಿಂಟ್ ಹಾಕುವಾಗ ನಾ ನೋಡ್ಕೋತೇನಿ" ಎಂದ.

ಮರುದಿನ ಮೊದಲ ಬಸ್ಸಿಗೇ ಹೋದೆ. ಆಡನ್ನು ಗೋಡೆಯ ನೆರಳಿಗೆ ತಂದೆವು. ಅದರ ಹೊಟ್ಟೆಯ ಕೆಳಗೆ ಇನ್ನೂ ಕತ್ತಲೆಯೇ ಅನ್ನಿಸಿತು.

"ಅವ್ವಾ, ಬಿಳಿ ಬಟ್ಟಿ ಇದ್ರ ಕೊಡ್ರಿ. ನೆಲಕ್ಕ ಹಾಸಿದ್ರ ಮರಿ ಮಕಕ್ಕ ಬೆಳಕು ಬೀಳ್ತದ."

ಆಕೆ ಒಳಗಿನಿಂದ ಗಂಡನ ಹೊಸ ಧೋತರ ತಂದು ಹಾಸಿದಳು. ಗಂಡ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಮರಿ ಹಾಲಿಗೆ ಬಂತು, ಆಡು ಧೋತರದ ಅಂಚು ತಿನ್ನತೊಡಗಿತು. ಆಗ ಅವನು, "ಲಗೂನ ಫೋಟೊ ಹೊಡೀರಿ ಅಕ್ಕಾರ, ನನ್ನ ಧೋತರ ಹೋಗಾಕತ್ತದ" ಎಂದ. ಆಕೆ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ನಾನು ಲೆನ್ಸಿನ ಕಿಂಡಿ ಅಗಲಿಸಿ, ಉಸಿರು ಬಿಗಿಹಿಡಿದು, ಶಟರನ್ನು ನಿಧಾನಕ್ಕಿಟ್ಟು ನಾಲ್ಕು ತೆಗೆದೆ.

ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ತಟ್ಟೆಯ ಔಷಧಿ ನೀರೊಳಗಿನ ಹಾಳೆಯ ಮೇಲೆ ಮೊದಲು ಮರಿಯ ಕಿವಿ ಮೂಡಿತು. ಆಮೇಲೆ ಮೂಗು, ಹೊಳೆಯುವ ಒಂದು ಕಣ್ಣು, ಮೈಮೇಲಿನ ಕೂದಲು. ಹಾಳೆಗೆ ಬೆಳಕು ಹೆಚ್ಚಿದಷ್ಟೂ ಚಿತ್ರ ಕಪ್ಪಾಗುತ್ತದೆ. ಆಡಿನ ಬೆನ್ನು ಬರೀ ಬಿಳಿ ಕಲೆಯಾಗಬಾರದೆಂದು ಅಪ್ಪ ಉಳಿದ ಭಾಗಕ್ಕೆ ಅಂಗೈ ಅಡ್ಡ ಹಿಡಿದು, ಅಲ್ಲಿಗೆ ಮಾತ್ರ ಎರಡು ಎಣಿಕೆ ಹೆಚ್ಚು ಬೆಳಕು ಬಿಟ್ಟಿದ್ದ. ಇಬ್ಬರೂ ತಟ್ಟೆಯ ಮೇಲೆ ಬಾಗಿ ನಿಂತಿದ್ದೆವು. ಅಪ್ಪ ನನ್ನ ಹೆಗಲು ತಟ್ಟಿದ.

ಒಂದು ಕೊರತೆ ಉಳಿದಿತ್ತು. ಶಟರ್ ನಿಧಾನವಾದ್ದರಿಂದ ಮರಿಯ ಅಲ್ಲಾಡುವ ಬಾಲ ಹೊಗೆಯಂತೆ ಕಲಸಿಹೋಗಿತ್ತು. ಆಕೆ ಬಂದಾಗ ನಾನೇ ಮೊದಲು, "ಬಾಲ ಕೆಟ್ಟದ್ರಿ, ಮತ್ತೊಮ್ಮಿ ತಗೀತೇನಿ" ಎಂದೆ.

"ಯಾಕ ತಗೀತಿ ಬೇ? ಹಾಲು ಕುಡಿಯಾಗ ಅದರ ಬಾಲ ನನ್ನ ಕಣ್ಣಿಗೂ ಹಿಂಗೇ ಕಾಣ್ತದ" ಎಂದು ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ತಿಂಗಳೊಳಗೆ ಅಫಜಲಪುರದ ಮಗಳೇ ತಾಯಿಯ ಜೊತೆ ಸ್ಟುಡಿಯೊಕ್ಕೆ ಬಂದಳು. "ಫೋಟೊ ನೋಡಿದ್ರೂ ನಂಬಿಕಿ ಬರ್ಲಿಲ್ರಿ. ಕಣ್ಣಾರೆ ನೋಡಬೇಕಂತ ತವರಿಗೇ ಬಂದೆ" ಎಂದಳು. ಅಪ್ಪ ಹೊಟ್ಟೆ ಹಿಡಿದು ನಕ್ಕ. ತಾಯಿ ಮಗಳನ್ನು ಒಟ್ಟಿಗೆ ಕೂರಿಸಿ ನಾನೇ ಫೋಟೊ ತೆಗೆದೆ. ಇಬ್ಬರೂ ನಗು ತಡೆಯಲಾರದೆ ಮೂರು ಸಲ ಅಲುಗಾಡಿದರು.