ಕಾಕನಿಗೆ ಕೊಡದ ಟಾಕೋ

ತೊಂಬತ್ತರ ದಶಕದಲ್ಲಿ ಗಲ್ಫಿನ ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ ನಮ್ಮ ಪಕ್ಕದ ಫ್ಲಾಟಿನಲ್ಲಿದ್ದ ಬ್ಯಾರಿ ಡ್ರೈವರನ್ನು ನಾವು ಕಾಕ ಎನ್ನುತ್ತಿದ್ದೆವು. ಪ್ರತಿ ಶುಕ್ರವಾರ ನಮಾಜು ಮುಗಿಸಿದವರೇ ಬಿರಿಯಾನಿ ಪಾತ್ರೆ ಹಿಡಿದು, ಮೊಣಕೈಯಿಂದ ಬಾಗಿಲು ದೂಡಿಕೊಂಡು ಒಳಬರುತ್ತಿದ್ದರು. ನಾನು ಯಾವ ಸುದ್ದಿ ತೆಗೆದರೂ, "ಮೊದಲು ತಿನ್ನಿ ಮಾರಾಯ್ರೆ, ಮತ್ತೆ ಮಾತಾಡುವ" ಎನ್ನುತ್ತಿದ್ದರು.

ನಾವು ಮಂಗಳೂರಿನ ಕ್ರೈಸ್ತರು. ಹಂದಿಮಾಂಸವಿಲ್ಲದೆ ನಮ್ಮ ಹಬ್ಬವಿಲ್ಲ, ಆ ದೇಶದಲ್ಲೋ ಅದು ನಿಷಿದ್ಧ. ಒಮ್ಮೆ ಆಫೀಸಿನ ಅಮೆರಿಕನ್ ಗೆಳೆಯ ಸೂಟ್‌ಕೇಸಿನ ತಳದಲ್ಲಿ ಅಡಗಿಸಿ ತಂದ ಒಂದು ಡಬ್ಬಿ ಹಂದಿಮಾಂಸ ಕೊಟ್ಟು, ಟಾಕೋ ಎಂಬ ಮೆಕ್ಸಿಕೋ ತಿಂಡಿ ಮಾಡುವುದನ್ನೂ ಹೇಳಿಕೊಟ್ಟ. ಹೆಂಡತಿ ಮೆಕ್ಕೆಜೋಳದ ಪುಟ್ಟ ರೊಟ್ಟಿಗಳನ್ನು ಸುಟ್ಟಳು. ನಾನು ಮಾಂಸ ಹುರಿದು, ಈರುಳ್ಳಿ, ಕೊತ್ತಂಬರಿ ಸೇರಿಸಿ, ಲಿಂಬೆ ಹಿಂಡಿ, ರೊಟ್ಟಿಯೊಳಗೆ ತುಂಬಿ ಮಡಚಿಟ್ಟೆ.

ಅಷ್ಟರಲ್ಲಿ ಕಾಕ ಬಂದರು. "ಪರಿಮಳ ನಮ್ಮಲ್ಲಿವರೆಗೆ ಬಂತು. ಇದೆಂಥ ಹೊಸ ರೊಟ್ಟಿ?" ಎಂದು ನಗುತ್ತ ಒಂದನ್ನು ಎತ್ತಿಕೊಂಡರು. ನಾನು ಅದನ್ನು ಕಸಿದುಕೊಂಡೆ.

"ಬೇಡ ಕಾಕ, ಇದು ನಮಗೇ ಸಾಲುವುದಿಲ್ಲ."

ಹಂದಿಮಾಂಸವೆಂದು ಹೇಳಿದರೆ ವಿಷಯ ಹೊರಬಿದ್ದು ಕೆಲಸ ಹೋದೀತೆಂಬ ಭಯ ನನಗೆ. ಅವರು ಬೆರಳಿಗೆ ಅಂಟಿದ್ದ ಹಿಟ್ಟನ್ನು ಲುಂಗಿಗೆ ಒರೆಸಿಕೊಂಡು, "ಆಯ್ತು, ನೀವು ತಿನ್ನಿ" ಎಂದು ಹೊರಟುಹೋದರು.

ಮುಂದಿನ ಶುಕ್ರವಾರವೂ ಬಿರಿಯಾನಿ ಬಂತು. ಪಾತ್ರೆ ಹೊಸ್ತಿಲಾಚೆ ಇತ್ತು, ಕಾಕ ಇರಲಿಲ್ಲ.

"ಹೋಗಿ ನಿಜ ಹೇಳಿ" ಎಂದು ಹೆಂಡತಿ ಎಷ್ಟೋ ಸಲ ಅಂದಳು. ಅವರು ಕೆಲಸ ಬಿಟ್ಟು ಊರಿಗೆ ಹೊರಟ ದಿನವೂ ನನಗೆ ಬಾಯಿ ಬರಲಿಲ್ಲ. ಒಂದು ತುತ್ತು ಹಂಚಿಕೊಳ್ಳಲಾರದ ಮನುಷ್ಯನೆಂದು ತಿಳಿದೇ ಅವರು ನನ್ನನ್ನು ತಬ್ಬಿಕೊಂಡು ಹೋದರು.